ಎಕ್ಸೆಲ್ ಶೀಟಿನಲ್ಲಿ ಇಲ್ಲದ ಪೋರ್ಚುಗಲ್

ನಮ್ಮ ಆಫೀಸಿನಲ್ಲಿ ಯಾರಾದರೂ ಯುರೋಪ್ ಟ್ರಿಪ್ ಪ್ಲಾನ್ ಮಾಡ್ತಿದ್ದರೆ ನನ್ನ ಡೆಸ್ಕಿಗೆ ಬರ್ತಾರೆ. "ಗುರೂ, ನಿನ್ನ ಪೋರ್ಚುಗಲ್ ಶೀಟ್ ಕಳ್ಸೋ" ಅಂತಾರೆ. 2023ರ ಅಕ್ಟೋಬರ್‌ನಲ್ಲಿ ಕ್ಲೈಂಟ್ ಕೆಲಸಕ್ಕೆ ಅಂತ ಮೂರು ವಾರ ಲಿಸ್ಬನ್‌ಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಎಂಟು ದಿನ ರಜೆ ಹಾಕಿ ಒಬ್ಬನೇ ಸುತ್ತಿದೆ. ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ? ನೋಡಿದ್ದನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿಟ್ಟೆ. ಊರು, ದೂರ, ಬಸ್ಸು, ಖರ್ಚು, ಕೊನೆಗೆ 'ಹೋಗಲೇಬೇಕಾ?' ಅನ್ನೋ ಕಾಲಂ, ಅದರಲ್ಲಿ ಐದಕ್ಕೆ ಇಷ್ಟು ಅಂತ ಅಂಕ.

ನಜರೆ ಅನ್ನೋ ಊರಿನ ಮುಂದೆ ಮಾತ್ರ ಅಂಕ ಹಾಕಿಲ್ಲ. ಕೇಳಿದವರಿಗೆ "ಹಾಕೋದು ಮರ್ತೋಯ್ತು ಕಣೋ" ಅಂತೀನಿ. ಮರೆತಿಲ್ಲ. ಅದನ್ನು ಹೇಳೋಕೆ ಒಂದು ಸೆಲ್ ಸಾಕಾಗಲ್ಲ. ಹಾಗಾಗಿ ಈ ಬರಹ. ಉಳಿದ ಊರುಗಳನ್ನೂ ಹೇಳ್ತೀನಿ, ನೀವು ಹೊರಟಾಗ ಉಪಯೋಗಕ್ಕೆ ಬರಲಿ.

ಮೊದಲು ಲಿಸ್ಬನ್. ಇದು ಗುಡ್ಡಗಳ ಊರು. ಗೂಗಲ್ ಮ್ಯಾಪ್ 'ಹತ್ತು ನಿಮಿಷ ನಡಿಗೆ' ಅಂದರೆ ಅದರಲ್ಲಿ ಎಂಟು ನಿಮಿಷ ಏರು ಅಂತ ತಿಳ್ಕೊಳ್ಳಿ. ಎಲ್ಲರೂ ಹೇಳುವ ಹಳದಿ ಬಣ್ಣದ 28ನೇ ನಂಬರಿನ ಟ್ರಾಮ್ ಹತ್ತಲೇಬೇಕು ಅಂತಿದ್ದರೆ ಬೆಳಗ್ಗೆ ಎಂಟರ ಒಳಗೆ ಹತ್ತಿ. ಆಮೇಲೆ ಅದರ ರಶ್ ನಮ್ಮ ಬೆಂಗಳೂರಿನ ಮೆಟ್ರೊಗೇನೂ ಕಮ್ಮಿ ಇಲ್ಲ, ಜೇಬುಗಳ್ಳರೂ ಇರ್ತಾರೆ. ಸಂಜೆ ಹೊತ್ತು 'ಮಿರಾದೊರೊ' ಅಂತ ಕರೆಯುವ ಗುಡ್ಡದ ತುದಿಯ ಕಟ್ಟೆಗಳಲ್ಲಿ ಕೂತು ಕೆಳಗಿನ ಕೆಂಪು ಹೆಂಚಿನ ಮಾಡುಗಳನ್ನೂ ಆಚೆಗಿರುವ ತೇಜೋ ನದಿಯನ್ನೂ ನೋಡೋದಕ್ಕೆ ದುಡ್ಡು ಕೊಡಬೇಕಿಲ್ಲ.

ನಾನು ಉಳಿದುಕೊಂಡಿದ್ದ ಗೆಸ್ಟ್ ಹೌಸಿನ ಅಜ್ಜಿ ಮೊದಲ ದಿನ ಬೀಗದ ಕೈ ಕೊಡುತ್ತಾ 'ಶಾವ್' ಅಂದಳು. ನಾನು "ಚಾವಿ" ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಬರೆಯೋದು ನಮ್ಮ ಚಾವಿಗೆ ಹತ್ತಿರವೇ, ಓದೋದು ಶಾವ್. ಆಮೇಲೆ ಅದೇ ಆಟವಾಯ್ತು. ಮೇಜಿಗೆ ಮೇಜ, ಬಟಾಟೆಗೆ ಬತಾತ, ಪಾವಿಗೆ ಪಾಂವ್. ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ನೂರಾರು ವರ್ಷದಿಂದ ಇರುವ ಪದಗಳು. ಅವು ಎಲ್ಲಿಂದ ಬಂದವು ಅನ್ನೋದು ನನಗೆ ಅಲ್ಲಿಗೆ ಹೋದ ಮೇಲೆ ತಲೆಗೆ ಹೋಯ್ತು.

ಬೆಲೇಂ ಅನ್ನೋ ಕಡೆ ಜೆರೊನಿಮೋಸ್ ಅಂತ ಬೃಹತ್ತಾದ ಮಠ ಇದೆ. ಕಲ್ಲಿನ ಕಂಬಗಳಲ್ಲಿ ಹಗ್ಗ, ಹವಳ, ಕಡಲಬಳ್ಳಿ ಎಲ್ಲ ಕೆತ್ತಿದ್ದಾರೆ. ಒಳಗೆ ವಾಸ್ಕೋ ಡ ಗಾಮನ ಸಮಾಧಿ. ಆ ಮಠ ಕಟ್ಟೋದಕ್ಕೆ ದುಡ್ಡು ಬಂದಿದ್ದು ಆಫ್ರಿಕಾದಿಂದ ಮತ್ತು ನಮ್ಮ ಕಡೆಯಿಂದ ಹೋದ ಸರಕಿನ ಮೇಲೆ ಹಾಕಿದ ಶೇಕಡಾ 5ರ ತೆರಿಗೆಯಿಂದ. ಅದರಲ್ಲಿ ಕಾಳುಮೆಣಸು ಮುಖ್ಯ. ಹೊನ್ನಾವರದ ಕಡೆಯವನಾಗಿ ನನಗೆ ಅಲ್ಲಿ ಒಂಥರಾ ಆಯ್ತು. 1505ರಲ್ಲಿ ಅಲ್ಮೇಡಾ ನಮ್ಮ ಹೊನ್ನಾವರದ ಮೇಲೆ ದಾಳಿ ಮಾಡಿ ಹಡಗುಗಳಿಗೆ ಬೆಂಕಿ ಇಟ್ಟ. ಐದೇ ವರ್ಷಕ್ಕೆ, 1510ರಲ್ಲಿ, ಅದೇ ಹೊನ್ನಾವರದ ತಿಮ್ಮಯ್ಯ ಅಲ್ಬುಕರ್ಕ್‌ಗೆ ಗೋವಾ ಗೆಲ್ಲೋಕೆ ನೆರವಾದ. ನಮ್ಮ ಶರಾವತಿ ದಂಡೆಯಲ್ಲೇ ಮೇಲಕ್ಕೆ ಹೋದರೆ ಸಿಗುವ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇವರೇ 'ಕಾಳುಮೆಣಸಿನ ರಾಣಿ' ಅಂತ ಕರೆದರು. ಹೊರಗೆ ಬಂದು, 1837ರಿಂದ ನಡೆಯುತ್ತಿರುವ ಅಲ್ಲಿಯ ಪ್ರಸಿದ್ಧ ಬೇಕರಿಯಲ್ಲಿ ಮೊಟ್ಟೆಯ ಕಸ್ಟರ್ಡ್ ತುಂಬಿದ ಬಿಸಿ ಪೇಸ್ಟ್ರಿ ತಿಂದೆ. ಒಂದರಲ್ಲಿ ನಿಲ್ಲಿಸೋಕಾಗಲಿಲ್ಲ. ಇತಿಹಾಸದ ಸಿಟ್ಟು ಎರಡನೇದಕ್ಕೆ ಇಳೀತು.

ಶನಿವಾರ ಸಿಂತ್ರಾಕ್ಕೆ ಹೋಗಿ. ರೊಸಿಯೊ ಸ್ಟೇಷನ್‌ನಿಂದ ರೈಲು, ನಲವತ್ತು ನಿಮಿಷ. ಬೆಟ್ಟದ ಮೇಲೆ ಕೆಂಪು ಹಳದಿ ಬಣ್ಣದ ಪೇನಾ ಅರಮನೆ, ಪಕ್ಕದ ಗುಡ್ಡದಲ್ಲಿ ಅರಬರ ಕಾಲದ ಕೋಟೆ. ನನ್ನ ಕೇಳಿದರೆ ಅರಮನೆಯ ಕ್ಯೂಗಿಂತ ಕೋಟೆಗೋಡೆಯ ಮೇಲಿನ ನಡಿಗೆ ಚೆಂದ. ಅಲ್ಲಿಂದ ಬಸ್ಸಿನಲ್ಲಿ ಕಾಬೊ ದ ರೋಕಾ. ಯುರೋಪ್ ಖಂಡದ ನೆಲದ ಪಶ್ಚಿಮದ ತುತ್ತತುದಿ. ಸುಮಾರು 140 ಮೀಟರ್ ಎತ್ತರದ ಕಡಿದಾದ ಬಂಡೆ, ಕೆಳಗೆ ಅಟ್ಲಾಂಟಿಕ್. ಗಾಳಿ ಎಷ್ಟು ಅಂದ್ರೆ ಟೋಪಿ ಹಾಕಿಕೊಂಡು ಹೋದವರು ಟೋಪಿ ಹಿಡಿದುಕೊಂಡೇ ಬರಬೇಕು. ಇಲ್ಲಿಗೆ ಬಂದಿದ್ದೆ ಅಂತ ನಿಮ್ಮ ಹೆಸರು ಬರೆದ ಸರ್ಟಿಫಿಕೇಟನ್ನೂ ದುಡ್ಡು ತಗೊಂಡು ಕೊಡ್ತಾರೆ. ಬೇಲಿ ದಾಟಿ ಸೆಲ್ಫಿ ತೆಗೆಯೋಕೆ ಮಾತ್ರ ಹೋಗಬೇಡಿ. ಬಂಡೆಯ ಅಂಚು ಗಟ್ಟಿ ಕಾಣುತ್ತೆ, ಗಟ್ಟಿ ಇರಲ್ಲ.

ರಜೆ ಶುರುವಾದ ಮೇಲೆ ನಾನು ಮಾಡಿದ ಮೊದಲ ಕೆಲಸ ನಡೆಯೋದು. ಪೋರ್ಚುಗಲ್‌ನ ನೈಋತ್ಯ ಕರಾವಳಿಯಲ್ಲಿ 'ಮೀನುಗಾರರ ದಾರಿ' ಅಂತ ಒಂದು ಟ್ರೆಕ್ಕಿಂಗ್ ಹಾದಿ ಇದೆ. ಪೂರ್ತಿ ನಡೆದರೆ ಇನ್ನೂರು ಕಿಲೋಮೀಟರ್ ಮೇಲೆ. ಇದನ್ನು ಟೂರಿಸ್ಟರಿಗೆ ಅಂತ ಹೊಸದಾಗಿ ಕಡಿದಿದ್ದಲ್ಲ. ಅಲ್ಲಿನ ಮೀನುಗಾರರು ಗಾಳ ಹಾಕುವ ಜಾಗಗಳಿಗೆ ಹೋಗ್ತಾ ಹೋಗ್ತಾ ಬಿದ್ದ ಹಾದಿ. ಹಸಿರು ನೀಲಿ ಪಟ್ಟಿ ಬಳಿದ ಗುರುತುಗಳನ್ನು ಹಿಡಿದು ಹೋದರೆ ತಪ್ಪಲ್ಲ. ನಾನು ನಡೆದಿದ್ದು ಎರಡು ದಿನ. ಪೋರ್ತು ಕೋವೊದಿಂದ ವಿಲಾ ನೋವ ದಿ ಮಿಲ್‌ಫೊಂತೆಸ್‌ಗೆ 20 ಕಿಲೋಮೀಟರ್, ಮಾರನೇ ದಿನ ಅಲ್ಮೊಗ್ರಾವ್‌ಗೆ 15. ಲಿಸ್ಬನ್‌ನಿಂದ ಪೋರ್ತು ಕೋವೊಗೆ ನೇರ ಬಸ್ಸಿದೆ.

'ಬರೀ 20 ಕಿಲೋಮೀಟರಾ? ಕುಮಾರ ಪರ್ವತ ಮಾಡಿದ್ದೀವಿ' ಅಂತ ಉಡಾಫೆ ಮಾಡಬೇಡಿ. ದಾರಿಯ ಬಹುಪಾಲು ಮರಳು. ಪ್ರತಿ ಹೆಜ್ಜೆಗೂ ಕಾಲು ಹಿಂದಕ್ಕೆ ಜಾರುತ್ತೆ. ಎತ್ತರದ ಶೂ ಹಾಕಿ, ಎರಡು ಲೀಟರ್ ನೀರು ಇಟ್ಕೊಳ್ಳಿ, ನಡುವೆ ಅಂಗಡಿ ಸಿಗುತ್ತೆ ಅಂತ ನಂಬಬೇಡಿ. ಲಗೇಜನ್ನು ಮುಂದಿನ ಊರಿಗೆ ಸಾಗಿಸುವ ಗಾಡಿಗಳಿವೆ, ಬಳಸಿಕೊಳ್ಳಿ. ಬಲಕ್ಕೆ ಇಡೀ ದಿನ ಸಮುದ್ರ, ಎಡಕ್ಕೆ ಗಿಡ್ಡ ಪೊದೆಗಳು. ಬಂಡೆಗಳಿಂದ ಕಂಬದ ಹಾಗೆ ಬೇರೆಯಾಗಿ ನೀರಲ್ಲಿ ನಿಂತ ಕಲ್ಲುಗಳ ನೆತ್ತಿಯಲ್ಲಿ ಬಿಳಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಈ ಜಾತಿಯ ಕೊಕ್ಕರೆ ಬೇರೆ ಕಡೆ ಮನೆಯ ಮಾಡು, ಚಿಮಣಿ, ಮರಗಳ ಮೇಲೆ ಕಟ್ಟುತ್ತೆ. ಇಲ್ಲಿ ಮಾತ್ರ ಕಡಲ ಮೇಲೆ. ನಾನು ಹೋದಾಗ ಗೂಡುಗಳು ಖಾಲಿ ಇದ್ದವು. ಮರಿ ನೋಡಬೇಕಿದ್ದರೆ ಏಪ್ರಿಲ್, ಮೇ ಹೊತ್ತಿಗೆ ಹೋಗಿ. ಆಗ ಹೂವೂ ಇರುತ್ತೆ.

ಎರಡನೇ ದಿನ ಬಂಡೆಯ ತುದಿಯಲ್ಲಿ ಒಬ್ಬ ಮುದುಕ ಉದ್ದನೆಯ ಗಾಳದ ಕೋಲು ಹಿಡಿದು ಕೂತಿದ್ದ. ಕೆಳಗೆ ಅಲೆ ಬಂಡೆಗೆ ಬಡೀತಿತ್ತು. ಅವನು ಗಾಳ ಬದಲಾಯಿಸೋಕೆ ಬಗ್ಗಿದಾಗಲೂ ಮುಖ ಸಮುದ್ರದ ಕಡೆಗೇ ಇತ್ತು. ನಮ್ಮಪ್ಪ ಬೋಟಿನಲ್ಲಿ ತಾಂಡೇಲ ಆಗಿದ್ದವರು. ಅವರು ನನಗೆ ಸಮುದ್ರದ ಬಗ್ಗೆ ಹೇಳಿಕೊಟ್ಟಿದ್ದು ಎರಡೇ ಮಾತು. ಒಂದು, ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡ. ಎರಡು, ನೀನು ಈ ಕಡೆ ಬರಬೇಡ, ಓದು. ಎರಡನೇದನ್ನು ನಾನು ಚೆನ್ನಾಗಿ ಪಾಲಿಸಿದೆ. ಎಷ್ಟು ಚೆನ್ನಾಗಿ ಅಂದ್ರೆ, ಹದಿನೈದು ವರ್ಷ ಬೆಂಗಳೂರಿನಲ್ಲಿ ಯಾರಾದರೂ "ಯಾವೂರು?" ಅಂದ್ರೆ "ಹೊನ್ನಾವರ ಹತ್ರ, ಜೋಗ್ ಫಾಲ್ಸ್ ಕೆಳಗೆ" ಅಂತಿದ್ದೆ. ಕೇಳಿದವರು ಅಡಿಕೆ ತೋಟ ಅಂತ ಅಂದುಕೊಳ್ಳೋರು. ನಾನು ತಿದ್ದುತ್ತಿರಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಅಲ್ಗಾರ್ವ್. ಇನ್‌ಸ್ಟಾದಲ್ಲಿ ನೀವು ನೋಡಿರುವ, ಮಾಡಿನಲ್ಲಿ ದುಂಡಗೆ ತೂತು ಬಿದ್ದು ಬಿಸಿಲು ಒಳಗೆ ಬೀಳುವ ಗುಹೆ ಇಲ್ಲೇ ಇರೋದು, ಬೆನಾಜಿಲ್ ಅಂತ ಹೆಸರು. 2024ರಿಂದ ನಿಯಮ ಬಿಗಿ ಮಾಡಿದ್ದಾರೆ. ಈಜಿಕೊಂಡು ಹೋಗೋ ಹಾಗಿಲ್ಲ, ಒಳಗಿನ ಮರಳಿನ ಮೇಲೆ ಇಳಿಯೋ ಹಾಗಿಲ್ಲ, ಕಯಾಕ್ ಆದರೆ ಗೈಡ್ ಜೊತೆಗೇ. ಗುಹೆಗಿಂತ ನನಗೆ ಇಷ್ಟವಾಗಿದ್ದು ಅದರ ನೆತ್ತಿಯ ಮೇಲೇ ಹಾದುಹೋಗುವ 'ಏಳು ತೂಗುಕಣಿವೆ' ಹಾದಿ. ಮರೀನ್ಯಾ ಬೀಚಿನಿಂದ ಶುರು, ಸುಮಾರು ಆರು ಕಿಲೋಮೀಟರ್, ಮಕ್ಕಳನ್ನೂ ಕರ್ಕೊಂಡು ನಡೀಬಹುದು. ಚಿನ್ನದ ಬಣ್ಣದ ಸುಣ್ಣಕಲ್ಲಿನ ಬಂಡೆ, ಕಮಾನು, ಕೆಳಗೆ ಹಸಿರು ನೀರು. ಲಾಗೋಸ್ ಹತ್ತಿರದ ಪೋಂತ ದ ಪಿಯೆದಾದ್ ಕೂಡ ಹಾಗೇ. ಸಣ್ಣ ದೋಣಿಯಲ್ಲಿ ಕಲ್ಲಿನ ಕಮಾನುಗಳ ಅಡಿಯಲ್ಲಿ ಸುತ್ತಿಸ್ತಾರೆ.

ಒಂದು ಎಚ್ಚರಿಕೆ. ಅಲ್ಲಿನ ನೀರು ನಮ್ಮ ಗೋಕರ್ಣದ ನೀರಲ್ಲ. ಬಿಸಿಲು ಸುಡ್ತಿದ್ದರೂ ಕಾಲಿಟ್ಟರೆ ಜುಂ ಅನ್ನುತ್ತೆ, ಪಶ್ಚಿಮ ತೀರದಲ್ಲಂತೂ ಸೆಳೆತ ಜೋರು. ಬೀಚಿನಲ್ಲಿ ಹಸಿರು ಬಾವುಟ ಇದ್ದರೆ ಈಜಿ. ಹಳದಿ ಇದ್ದರೆ ದಡದಲ್ಲಿ ಕಾಲು ನೆನೆಸಿ, ಈಜಬೇಡಿ. ಕೆಂಪಿದ್ದರೆ ನೀರಿಗೇ ಇಳಿಯಬೇಡಿ. 'ನಾವು ಈಜು ಕಲಿತಿದ್ದೀವಿ' ಅನ್ನೋ ಮಾತು ಅಪಾರ್ಟ್‌ಮೆಂಟಿನ ಸ್ವಿಮ್ಮಿಂಗ್ ಪೂಲಿಗೆ.

ಕೊನೆಯ ಎರಡು ದಿನ ನಜರೆಗೆ ಇಟ್ಟಿದ್ದೆ. ಲಿಸ್ಬನ್‌ಗೆ ವಾಪಸ್ ಬಂದು ಅಲ್ಲಿಂದ ಉತ್ತರಕ್ಕೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ನಜರೆ ಅಂದ್ರೆ ಸರ್ಫಿಂಗ್ ಹುಚ್ಚಿರುವವರಿಗೆ ತೀರ್ಥಕ್ಷೇತ್ರ. 2020ರ ಅಕ್ಟೋಬರ್‌ನಲ್ಲಿ ಸೆಬಾಸ್ಟಿಯನ್ ಸ್ಟಾಯ್ಟ್ನರ್ ಅನ್ನೋ ಜರ್ಮನ್ ಸರ್ಫರ್ ಇಲ್ಲಿ 86 ಅಡಿ ಎತ್ತರದ ಅಲೆಯ ಮೇಲೆ ಇಳಿದು ಗಿನ್ನೆಸ್ ದಾಖಲೆ ಮಾಡಿದ. ಎಂಟು ಮಹಡಿಯ ಅಪಾರ್ಟ್‌ಮೆಂಟ್ ಅಂತ ಊಹಿಸಿಕೊಳ್ಳಿ. ಇಷ್ಟು ದೊಡ್ಡ ಅಲೆ ಏಳೋದಕ್ಕೆ ಕಾರಣ ನೀರಿನಡಿ ಇರುವ ಒಂದು ಕಣಿವೆ. ಸಮುದ್ರದ ಆಳದಿಂದ ನೂರಾರು ಕಿಲೋಮೀಟರ್ ಉದ್ದಕ್ಕೆ ಬಂದು ಸರಿಯಾಗಿ ನಜರೆಯ ಬಾಗಿಲಲ್ಲಿ ಮುಗಿಯುತ್ತೆ. ಕಣಿವೆಯ ಮೇಲೆ ಬರುವ ಅಲೆಗೆ ತಡೆ ಇಲ್ಲ, ವೇಗ ಕಳಕೊಳ್ಳದೆ ಬರುತ್ತೆ. ಪಕ್ಕದ ಕಡಿಮೆ ಆಳದ ನೀರಿನ ಅಲೆ ನಿಧಾನವಾಗುತ್ತೆ. ಎರಡೂ ದಡದ ಹತ್ತಿರ ಒಂದರ ಮೇಲೊಂದು ಕೂಡಿಕೊಂಡಾಗ ಗುಡ್ಡ ಎದ್ದ ಹಾಗೆ ಏಳುತ್ತೆ. ಸೀಸನ್ ಅಕ್ಟೋಬರ್‌ನಿಂದ ಮಾರ್ಚ್. ಆದರೆ ಎಲ್ಲ ದಿನವೂ ಏಳಲ್ಲ, ಅಲೆಯ ಮುನ್ಸೂಚನೆ ನೋಡಿಕೊಂಡು ಹೋಗಬೇಕು. ಬಂಡೆಯ ತುದಿಯ ಹಳೇ ಕೋಟೆಯಲ್ಲಿ ಕೆಂಪು ದೀಪಸ್ತಂಭ ಇದೆ. ಅದರ ಕಟ್ಟೆಯಿಂದಲೇ ನೋಡೋದು. ಒಳಗೆ ಇಲ್ಲಿ ಸರ್ಫ್ ಮಾಡಿದವರ ಹಲಗೆಗಳನ್ನು ಸಾಲಾಗಿ ಇಟ್ಟಿದ್ದಾರೆ.

ನನ್ನ ಅದೃಷ್ಟಕ್ಕೆ ಅವತ್ತು ಸಮುದ್ರ ಸುಮ್ಮನಿತ್ತು. ಮಳೆಗಾಲದಲ್ಲಿ ನಮ್ಮ ಅಳಿವೆ ಬಾಯಲ್ಲಿ ಏಳುವಷ್ಟು ಅಲೆ. ಒಂದು ಗಂಟೆ ಕಾದು, ಫ್ಯುನಿಕ್ಯುಲರ್ ರೈಲಿನಲ್ಲಿ ಕೆಳಗಿನ ಊರಿಗೆ ಇಳಿದೆ.

ಬೀಚಿನ ಹತ್ತಿರ ಹೋಗ್ತಿದ್ದ ಹಾಗೆ ಮೂಗಿಗೆ ಬಡೀತು. ನೋಡೋ ಮೊದಲೇ ಗೊತ್ತಾಯ್ತು. ಮರಳಿನ ಮೇಲೆ ಮರದ ಚೌಕಟ್ಟುಗಳನ್ನು ಸಾಲಾಗಿ ಓರೆಯಾಗಿ ನಿಲ್ಲಿಸಿ, ಅವಕ್ಕೆ ಬಲೆ ಹೊಡೆದು, ಅದರ ಮೇಲೆ ಮೀನನ್ನು ಹೊಟ್ಟೆ ಸೀಳಿ ಬಿಡಿಸಿ ಒಣಗೋಕೆ ಹಾಕಿದ್ದರು. ನಮ್ಮ ಬಂಗಡೆಯ ದಾಯಾದಿ ಅನ್ನಬಹುದಾದ ಮೀನು, ತಾರ್ಲೆ, ಆಕ್ಟೋಪಸ್ ಕೂಡ. ಮೊಣಕಾಲವರೆಗಿನ ಲಂಗ, ಏಪ್ರನ್, ತಲೆಗೆ ಬಟ್ಟೆ ಕಟ್ಟಿದ ವಯಸ್ಸಾದ ಹೆಂಗಸರು ಪಕ್ಕದಲ್ಲಿ ಕೂತು ಮಾರ್ತಿದ್ದರು. ಅಲ್ಲಿನ ಹೆಂಗಸರು ಒಂದರ ಮೇಲೊಂದು ಏಳು ಲಂಗ ಉಡುವ ಸಂಪ್ರದಾಯ ಇದೆ. ಗಂಡಂದಿರು ಸಮುದ್ರದಿಂದ ಬರೋವರೆಗೆ ದಡದಲ್ಲಿ ಚಳಿಗೆ ಕೂತು ಕಾಯೋರು, ಅದಕ್ಕೆ ಅಂತ ಒಂದು ವಿವರಣೆ. ಸುತ್ತ ಹತ್ತು ಹನ್ನೆರಡು ಜನ ಟೂರಿಸ್ಟರು, ದೊಡ್ಡ ದೊಡ್ಡ ಕ್ಯಾಮೆರಾ. ಮೂಗು ಮುಚ್ಚಿಕೊಂಡವರು ಯಾರೂ ಇರಲಿಲ್ಲ. ಒಣಮೀನಿಗೆ ಅಂತಲೇ ಆ ಊರಿನಲ್ಲಿ ಒಂದು ಪುಟ್ಟ ಮ್ಯೂಸಿಯಂ ಬೇರೆ ಇದೆ.

ಈಗ ಹೇಳಬೇಕಾಗಿರೋದನ್ನು ಹೇಳಿಬಿಡ್ತೀನಿ. ನಮ್ಮಮ್ಮ ಒಣಮೀನು ಮಾರಿ ನನ್ನನ್ನು ಓದಿಸಿದವಳು. ದಡದಲ್ಲಿ ಮೀನು ಒಣಗಿಸಿ, ಬುಟ್ಟಿ ಕಟ್ಟಿ, ಬಸ್ಸಿನಲ್ಲಿ ಘಟ್ಟ ಹತ್ತಿ ಸಂತೆಗೆ ಹೋಗೋಳು. ಜೂನ್, ಜುಲೈ ಬೋಟು ಬಂದ್ ಇರುವ ಕಾಲಕ್ಕೆ ಅಂತ ಜನ ಮೇ ತಿಂಗಳಲ್ಲೇ ತಗೊಳ್ತಾರೆ. ಅದೇ ಹೊತ್ತಿಗೆ ನನ್ನ ಕಾಲೇಜಿನ ಫೀಸ್ ಕಟ್ಟೋದು ಬರ್ತಿತ್ತು. ಹುಬ್ಬಳ್ಳಿಯಲ್ಲಿ ಬಿಇ ಮೊದಲ ವರ್ಷ ದೀಪಾವಳಿ ರಜೆ ಮುಗಿಸಿ ಹೊರಟಾಗ ಅಮ್ಮ ಒಂದು ಪೊಟ್ಟಣ ಕೊಟ್ಟಳು. ಒಳ್ಳೆಯ ಬಂಗಡೆ, ಸ್ವಲ್ಪ ಶೆಟ್ಲಿ. "ಹಾಸ್ಟೆಲ್ ಊಟ ಸಪ್ಪೆ ಅಂತಿಯಲ, ಅಡುಗೆಯವನ ಹತ್ರ ಸುಟ್ಟು ಕೊಡೂಕೆ ಹೇಳು" ಅಂದಳು. ಬಸ್ಸಿನಲ್ಲಿ ಹಿಂದಿನ ಸೀಟಿನವರು "ಏನ್ರೀ ಇದು ವಾಸ್ನೆ, ಯಾರ್ದು?" ಅಂತ ಕೂಗಾಡಿದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹುಬ್ಬಳ್ಳಿಯಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಹಿಂದಿನ ಕಸದ ತೊಟ್ಟಿಗೆ ಆ ಪೊಟ್ಟಣ ಹಾಕಿದೆ. ರಾತ್ರಿ ಫೋನಿನಲ್ಲಿ "ಚೆನ್ನಾಗಿತ್ತು, ಎಲ್ರೂ ತಿಂದ್ರು" ಅಂತ ಹೇಳಿದೆ.

ನಜರೆಯಲ್ಲಿ ಆ ಸಾಲುಗಳ ಮುಂದೆ ನಿಂತಾಗ ಬೆಳಗ್ಗೆ ಹನ್ನೊಂದು. ಊರಿನಲ್ಲಿ ಮೂರೂವರೆ, ಅಮ್ಮ ಮಲಗಿ ಎದ್ದಿರ್ತಾಳೆ. ವಿಡಿಯೊ ಕಾಲ್ ಮಾಡಿ ಕ್ಯಾಮೆರಾ ಮೀನಿನ ಕಡೆ ತಿರುಗಿಸಿದೆ.

"ಎಂತದಾ ಮಗಾ ಅದು? ಊರಿಗೆ ಬಂದ್ಯಾ?"

"ಊರಲ್ಲಮ್ಮ, ಪೋರ್ಚುಗಲ್. ಫಾರಿನ್."

"ಹೌದಾ! ಅಲ್ಲೂ ಒಣಗಸ್ತ್ರಾ?" ಅಂತ ಕನ್ನಡಕ ಹುಡುಕೋಕೆ ಹೋದಳು. ಬಂದವಳು ಒಂದೊಂದೇ ಶುರು ಮಾಡಿದಳು. ಕಾಗೆ ಬತ್ತಿಲ್ವಾ? ಉಪ್ಪುನೀರಲ್ಲಿ ಎಷ್ಟು ಹೊತ್ತು ಇಡ್ತ್ರು? ಅಷ್ಟು ತೆಳುವಾಗಿ ಹ್ಯಾಂಗೆ ಸೀಳ್ತ್ರು, ಕತ್ತಿ ತೋರ್ಸು. ನಾನು ಫೋನ್ ಹಿಡಿದು ನಿಂತಿದ್ದನ್ನು ನೋಡಿ ಮಾರುತ್ತಿದ್ದ ಹೆಂಗಸು ಏನೋ ಕೇಳಿದಳು. ಸ್ಕ್ರೀನ್ ತೋರಿಸಿ 'ಮಾಂಯ್' ಅಂದೆ. ನಮ್ಮೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಅಮ್ಮನನ್ನು ಹಾಗೇ ಕರೀತಾರೆ. ಪೋರ್ಚುಗೀಸರದೂ ಹೆಚ್ಚುಕಮ್ಮಿ ಅದೇ ಪದ. ಆಮೇಲೆ ಮೀನು ತೋರಿಸಿ, ಅಮ್ಮನನ್ನು ತೋರಿಸಿ, ಕೈಯಲ್ಲಿ ಸೀಳುವ ಹಾಗೆ ಮಾಡಿ ತೋರಿಸಿದೆ. ಆಕೆಗೆ ಅರ್ಥವಾಯ್ತು. ಒಂದು ಮೀನು ಎತ್ತಿ, ಹಿಂದೆ ಮುಂದೆ ತಿರುಗಿಸಿ ಫೋನಿನ ಹತ್ತಿರ ಹಿಡಿದಳು. ಅಮ್ಮ ಆ ಕಡೆಯಿಂದ ಬಗ್ಗಿ ನೋಡಿ, "ಚಲೋ ಇದೆ. ಇನ್ನೊಂದು ಬಿಸಿಲು ಬೇಕಿತ್ತು" ಅಂದಳು.

ನಾನು ಐದು ಯೂರೋ ಕೊಟ್ಟು ಒಂದು ಪ್ಯಾಕೆಟ್ ತಗೊಂಡೆ. ರೂಪಾಯಿಯಲ್ಲಿ ಎಷ್ಟು ಅಂತ ಹೇಳಿದ್ದಕ್ಕೆ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನನ್ನ ಒಂದು ಬುಟ್ಟಿಗೆ ಅಷ್ಟು ಸಿಕ್ಕಿದ್ರೆ ಆ ದಿನ ಹಬ್ಬ" ಅಂದಳು.

ಬೀಚಿನ ಕಟ್ಟೆಯ ಮೇಲೆ ಕೂತೆ. ಅಮ್ಮ ಇನ್ನೂ ಲೈನಿನಲ್ಲಿದ್ದಳು. ಆಗ ಹೇಳಿದೆ. ಹುಬ್ಬಳ್ಳಿ ಬಸ್ ಸ್ಟ್ಯಾಂಡ್, ಪೊಟ್ಟಣ, ತೊಟ್ಟಿ ಎಲ್ಲ. ಹೇಳೋಕೆ ಎಷ್ಟು ಹೊತ್ತು ಬೇಕಾಯ್ತೋ ಗೊತ್ತಿಲ್ಲ.

"ಗೊತ್ತಿತ್ತು ನಂಗೆ" ಅಂದಳು.

"ಹ್ಯಾಂಗೆ?"

"ಎಲ್ರೂ ತಿಂದ್ರು ಅಂದ್ಯಲ. ಒಂದು ಪೊಟ್ಟಣದಲ್ಲಿ ಎಷ್ಟಿತ್ತು ಅಂತ ನಂಗೆ ಗೊತ್ತಿಲ್ವಾ? ಅದ್ಕೇ ಮತ್ತೆ ಕೊಡ್ಲಿಲ್ಲ ಅಲ್ದಾ ನಾನು?"

ನಿಜ. ಅದಾದ ಮೇಲೆ ಅವಳು ಯಾವತ್ತೂ ಕಟ್ಟಿಕೊಟ್ಟಿರಲಿಲ್ಲ. ಚಕ್ಕುಲಿ, ಕೊಬ್ಬರಿ ಎಣ್ಣೆ, ಅಪ್ಪೆಮಿಡಿ ಉಪ್ಪಿನಕಾಯಿ, ವಾಸನೆ ಬಾರದ್ದನ್ನೆಲ್ಲ ಕೊಟ್ಟಳು. ಅವಳಿಗೆ ಮರೆತುಹೋಗಿದೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ನಾನು ಅಳೋಕೆ ಶುರು ಮಾಡಿದ್ದು ಅವಳಿಗೆ ಕಂಡಿರಬೇಕು. "ತಿನ್ನು ಮಾರಾಯ, ತಂದಿದ್ಯಲ. ಮೊದ್ಲು ಸುಡ್ಬೇಕು, ಹಸಿ ತಿನ್ಬೇಡ" ಅಂತ ಫೋನ್ ಇಟ್ಟಳು.

ಗೆಸ್ಟ್ ಹೌಸಿನ ಅಡುಗೆಮನೆಯಲ್ಲಿ ಗ್ಯಾಸಿನ ಮೇಲೆ ಸುಟ್ಟು ತಿಂದೆ. ಉಪ್ಪು ನಮ್ಮದಕ್ಕಿಂತ ಕಡಿಮೆ, ಮೀನು ಸ್ವಲ್ಪ ಮೆತ್ತಗೆ. ಅಮ್ಮ ಹೇಳಿದ್ದು ಸರಿ, ಇನ್ನೊಂದು ಬಿಸಿಲು ಬೇಕಿತ್ತು. ಮಾರನೇ ದಿನ ಬೆಳಗ್ಗೆ ಮತ್ತೆ ದೀಪಸ್ತಂಭದ ಕಟ್ಟೆಗೆ ಹೋದೆ. ಅಲೆ ಆಗಲೂ ಏಳಲಿಲ್ಲ. ಬೇಜಾರಾಗಲಿಲ್ಲ.

ಹಾಗಾಗಿ ನಜರೆಗೆ ಹೋಗಿ. ಅಲೆ ಏಳದಿದ್ದರೂ ಹೋಗಿ. ಉತ್ತರದ ಬೀಚಿನಲ್ಲಿ ನೀರಿಗೆ ಮಾತ್ರ ಇಳಿಯಬೇಡಿ, ಅಲೆಯಿಲ್ಲದ ದಿನವೂ ಅಲ್ಲಿ ಸೆಳೆತ ಕೆಟ್ಟದ್ದು. ಮೀನು ಒಣಗಿಸುವ ಹೆಂಗಸರ ಫೋಟೊ ತೆಗೆಯೋ ಮೊದಲು ಒಂದು ಮಾತು ಕೇಳಿ, ತೆಗೆದ ಮೇಲೆ ಒಂದು ಪ್ಯಾಕೆಟ್ ತಗೊಳ್ಳಿ. ಬೆಂಗಳೂರಿನಿಂದ ಅಷ್ಟು ದೂರ ಆಗದಿದ್ದರೆ, ರಾತ್ರಿ ಬಸ್ಸು ಹತ್ತಿ ಹೊನ್ನಾವರಕ್ಕೆ ಬನ್ನಿ. ಮಾರ್ಚಿನಿಂದ ಮೇವರೆಗೆ ಶರಾವತಿ ಅಳಿವೆಯ ದಡದಲ್ಲಿ ಇದೇ ನೋಟ ಇದೆ. ಸರ್ಟಿಫಿಕೇಟ್ ಕೊಡಲ್ಲ ಅಷ್ಟೆ.

ಈಗ ಊರಿನಿಂದ ಹೊರಡುವಾಗ ನಾನೇ ಕೇಳಿ ಒಣಮೀನು ಕಟ್ಟಿಸಿಕೊಂಡು ಬರ್ತೀನಿ. ಅಮ್ಮ ಪೇಪರ್ ಸುತ್ತಿ, ಅದರ ಮೇಲೆ ಕವರ್, ಅದರ ಮೇಲೆ ಇನ್ನೊಂದು ಕವರ್ ಹಾಕಿ ದಾರ ಬಿಗೀತಾಳೆ. "ಬಸ್ಸಲ್ಲಿ ವಾಸ್ನೆ ಬರೂಕಾಗ" ಅಂತಾಳೆ. ಬಂದ್ರೆ ಬರಲಿ ಬಿಡಮ್ಮ ಅಂದರೂ ಕೇಳಲ್ಲ. ಇನ್ನೊಂದು ಕವರ್ ಹುಡುಕೋಕೆ ಒಳಗೆ ಹೋಗ್ತಾಳೆ.